ಸಾಕ್ಷಿಯೂ ಸಭಿಕರೂ

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ನೆಯ ಇಸವಿ ಮಾರ್ಚಿ 11ರಂದು ದಲಿತರ ಮನೆಗಳಿಗೆ ಬೆಂಕಿಯಿಟ್ಟು ಏಳು ಜನರನ್ನು ಸುಟ್ಟುಕೊಂದ ವಾರ್ತೆಯಿಂದ ನಾಡೆಲ್ಲ ತಲ್ಲಣಿಸಿತು. ಪಟ್ಟಣವಾಸಿಗಳಾದ ನಾವು ಪತ್ರಿಕೆಗಳನ್ನೋದಿಯೇ ಅಪರಾಧಿಗಳನ್ನು ನಿಶ್ಚಯಿಸಿಕೊಂಡೆವು. ನ್ಯಾಯಸ್ಥಾನಕ್ಕಾದರೋ ಕಣ್ಣಾರೆ ಕಂಡವರ ಮಾತು ಬೇಕು. ಆ ಸಾಕ್ಷಿಗಳು ಕಟಕಟೆಯಲ್ಲಿ ನಿಂತು ತಮ್ಮ ಹಿಂದಿನ ಹೇಳಿಕೆಗಳನ್ನು ಅಲ್ಲಗಳೆದರು. 2006ರಲ್ಲಿ ಆಪಾದಿತರು ಬಿಡುಗಡೆ ಹೊಂದಿದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನೇ ಸ್ಥಿರಪಡಿಸಿತು.

ಒಡನೆ ನಮ್ಮ ಕೋಪವು ಸಾಕ್ಷಿಗಳ ಕಡೆಗೆ ತಿರುಗಿತು. ಸುಳ್ಳರೆಂದೆವು; ಹೇಡಿಗಳೆಂದೆವು. ಬೆಂಗಳೂರಿನಲ್ಲಿ ಕುಳಿತು ಹಾಗೆನ್ನುವುದು ಎಷ್ಟು ಸುಲಭ! ಅವರಿಗೆ ಕೂಲಿ ಕೊಡುವವರಾರು, ಸಾಕ್ಷಿ ನುಡಿದ ದಿನದ ಸಂಜೆ ಅವರು ಯಾವ ಬೀದಿಯನ್ನು ಹಾದು ಮನೆ ಸೇರಬೇಕು ಎಂದು ವಿಚಾರಿಸಿದವರು ವಿರಳ. ಸಾಕ್ಷಿಗಳ ರಕ್ಷಣೆಗಾಗಿ ಸಿದ್ಧವಾದ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು ಅಂಗೀಕರಿಸಿದ್ದು 2018ರಲ್ಲಿ. ಕಂಬಾಲಪಲ್ಲಿಯವರು ಕಟಕಟೆಯಿಂದಿಳಿದು ಆ ವೇಳೆಗೆ 12 ವರ್ಷಗಳು ಸಂದಿದ್ದವು.