ಅಂಗೈಯಗಲದ ಡಿಜಿಟಲ್ ಕ್ಯಾಮೆರಾ



ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಬಹುದಾದ ಪುಟ್ಟ ಕ್ಯಾಮೆರಾಗಳಲ್ಲಿ ಕ್ಯಾನನ್ ಪವರ್‌ಶಾಟ್ ಎ520 ಒಂದು. 2005ರಲ್ಲಿ ಬಂದದ್ದು, ಈಗ ತಯಾರಾಗುತ್ತಿಲ್ಲ. ಕೊಳ್ಳಬಹುದೇ ಎಂದು ಕೇಳಿದರೆ, ಕಲಿಯುವುದಕ್ಕಾದರೆ ಕೊಳ್ಳಿ ಎನ್ನುತ್ತೇನೆ.

ಕಾರಣವಿದೆ. ಇದರಲ್ಲಿ ಷಟರ್ ವೇಗವನ್ನೂ ಅಪರ್ಚರನ್ನೂ ನಾವೇ ನಿಗದಿ ಮಾಡಬಹುದು. ನಲ್ಲಿಯಿಂದ ಬೀಳುವ ನೀರನ್ನು ಒಮ್ಮೆ ಸೆಕೆಂಡಿನ 1/500 ಭಾಗದಲ್ಲಿ, ಇನ್ನೊಮ್ಮೆ 1/10 ಭಾಗದಲ್ಲಿ ತೆಗೆದು ನೋಡಿ. ಮೊದಲನೆಯದರಲ್ಲಿ ಹನಿಗಳು ನಿಂತಂತೆ, ಎರಡನೆಯದರಲ್ಲಿ ಬಿಳಿಯ ಎಳೆಯಂತೆ ಕಾಣುತ್ತವೆ. ಮಸೂರಗಳನ್ನೇ ಸರಿಸುವ 4 ಪಟ್ಟಿನ ಜೂಮ್ ಕೂಡ ಇದೆ. ಎರಡು ಪೆನ್ಸಿಲ್ ಸೆಲ್ ಹಾಕಿದರಾಯಿತು. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡ, ಬೇಗ ಸುಸ್ತಾಗುತ್ತದೆ. ಚಾರ್ಜ್ ಮಾಡಬಲ್ಲ ನಿಕಲ್ ಸೆಲ್ ಮೇಲು.

ತೊಡಕು ಬರುವುದು ಬೆಳಕು ಕುಂದಿದಾಗ. ಬೆಳಕನ್ನು ಹಿಡಿಯುವ ಸಂವೇದಕದ ಅಳತೆ ಸುಮಾರು 5.8 × 4.3 ಮಿ.ಮೀ. ಹಳೆಯ ಫಿಲ್ಮ್ ಚೌಕಟ್ಟು 36 × 24 ಮಿ.ಮೀ. ವಿಸ್ತೀರ್ಣ ಗುಣಿಸಿ ನೋಡಿ, 35ರಲ್ಲಿ ಒಂದು ಪಾಲು! ಅಷ್ಟರೊಳಗೇ 40 ಲಕ್ಷ ಚಿತ್ರಬಿಂದುಗಳು. ಒಂದೊಂದರ ಪಾಲಿಗೆ ಬರುವ ಬೆಳಕು ಅತ್ಯಲ್ಪ. ಹಾಗಾಗಿ ಶಾಲಾ ವಾರ್ಷಿಕೋತ್ಸವದ ನಾಟಕವನ್ನು ಹಿಂದಿನ ಸಾಲಿನಿಂದ ತೆಗೆದರೆ ಚಿತ್ರದ ತುಂಬ ರವೆ ಚೆಲ್ಲಿದಂತಿರುತ್ತದೆ. ಫ್ಲ್ಯಾಷ್ ಅಲ್ಲಿಗೆ ಮುಟ್ಟದು. ಅದರ ಬಲ ಮೂರು ನಾಲ್ಕು ಮೀಟರಿನವರೆಗೆ ಮಾತ್ರ. ಒಮ್ಮೆ ಮಿಂಚಿದರೆ ಮತ್ತೆ ಸಿದ್ಧವಾಗಲು ಹಲವು ಸೆಕೆಂಡು ಕಾಯಬೇಕು. ಅಷ್ಟರಲ್ಲಿ ಭೀಮ ಗದೆ ಇಳಿಸಿರುತ್ತಾನೆ.

ಇನ್ನೊಂದು ಮಾತು: ಇದಕ್ಕೆ 2 ಜಿ.ಬಿ.ವರೆಗಿನ ಹಳೆಯ ಎಸ್‌ಡಿ ಕಾರ್ಡೇ ಆಗಬೇಕು. ಕ್ಯಾಮೆರಾ ಕೊಳ್ಳುವಾಗಲೇ ಅದನ್ನೂ ಕೇಳಿ ಪಡೆಯಿರಿ.