ಹೋಗಬಹುದಿತ್ತು, ಹೋಗಲಿಲ್ಲ

ಸ್ವಾತಂತ್ರ್ಯ ಎಂದೊಡನೆ ‘ಯಾರೂ ನನ್ನನ್ನು ಕೇಳುವ ಹಾಗಿಲ್ಲ’ ಎಂಬ ಅರ್ಥವೇ ನಮಗೆ ಮೊದಲು ಹೊಳೆಯುವುದು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅದಕ್ಕೆ ಬೇರೆಯೇ ಅರ್ಥ ಕೊಟ್ಟ. 1520ರಲ್ಲಿ ಅವನು ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಕ್ರೈಸ್ತನಾದವನಿಗೆ ಒಡೆಯರೇ ಇಲ್ಲ ಎಂದವನು, ಅದೇ ಉಸಿರಿನಲ್ಲಿ ಅವನನ್ನು ಎಲ್ಲರ ಚಾಕರಿಗೂ ಹಚ್ಚಿಬಿಟ್ಟ. ದಾಸರ ಪದ ಕೇಳಿ ಬೆಳೆದ ನಮಗೆ ಈ ಒಗಟು ತೀರ ಹೊಸದಲ್ಲ. ಅವನ ತರ್ಕ ಸರಳ: ದೇವರ ಕೃಪೆ ಪುಣ್ಯ ಕೂಡಿಟ್ಟು ಕೊಳ್ಳುವಂಥದ್ದಲ್ಲ, ನಂಬಿದವನಿಗೆ ಆಗಲೇ ಸಿಕ್ಕಿದೆ. ಹಾಗಾದರೆ ಒಳ್ಳೆಯ ಕೆಲಸ ಯಾಕೆ ಮಾಡಬೇಕು? ಪಕ್ಕದ ಮನೆಯವನಿಗೆ ಬೇಕಾಗಿದೆಯಲ್ಲ, ಅದಕ್ಕೆ.

ಬರೆಯುವುದು ಸುಲಭ. ಏಳು ವರ್ಷದ ಮೇಲೆ, 1527ರ ಆಗಸ್ಟ್‌ನಲ್ಲಿ, ಅವನಿದ್ದ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂತು. ಅಲ್ಲಿನ ವಿಶ್ವವಿದ್ಯಾಲಯ ಯೇನಾ ಊರಿಗೆ ಗುಳೆ ಹೋಯಿತು. ನೀನೂ ಹೊರಡು ಎಂದು ನಾಡನ್ನಾಳುವ ದೊರೆಯಿಂದಲೇ ಹೇಳಿಕೆ ಬಂತು. ಹೆಂಡತಿ ಕ್ಯಾಥರೀನಾ ಬಸುರಿ, ಮಗ ಹಾನ್ಸ್ ಇನ್ನೂ ಕೈಗೂಸು. ಹೊರಟಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ. ಅವನು ಹೊರಡಲಿಲ್ಲ. ಒಂದು ಕಾಲಕ್ಕೆ ಸನ್ಯಾಸಿಗಳ ಮಠವಾಗಿದ್ದ ಅವನ ಮನೆ ಆಸ್ಪತ್ರೆಯಂತಾಯಿತು. ಊರಿನ ಮೇಯರನ ಹೆಂಡತಿ ಹೆಚ್ಚುಕಡಿಮೆ ಅವನ ತೋಳಲ್ಲೇ ಪ್ರಾಣ ಬಿಟ್ಟಳು.

ಇಷ್ಟು ಹೇಳಿ ಅವನನ್ನು ಸಂತನ ಪೀಠದಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. 1525ರಲ್ಲಿ ಜೀತದಿಂದ ಬಿಡುಗಡೆ ಕೇಳಿ ದಂಗೆಯೆದ್ದ ರೈತರನ್ನು ಬಡಿದು ಕೊಲ್ಲಿ ಎಂದು ಬರೆದ ಲೇಖನಿಯೂ ಇವನದೇ. ತನ್ನ ಪುಸ್ತಕದ ಸ್ವಾತಂತ್ರ್ಯ ಹೊಲದವರೆಗೆ ಬರುವುದು ಅವನಿಗೆ ಬೇಕಿರಲಿಲ್ಲ.

ಆದರೆ ಪ್ಲೇಗಿನ ದಿನಗಳಲ್ಲಿ ಬರೆದದ್ದರಲ್ಲಿ ವಿವೇಕವಿದೆ. ಬ್ರೆಸ್ಲಾವ್ ಎಂಬ ಊರಿನ ಪಾದ್ರಿಗಳು, ರೋಗಕ್ಕೆ ಹೆದರಿ ಓಡಿಹೋಗಬಹುದೇ ಎಂದು ಕೇಳಿದ್ದರು. ಅವನ ಉತ್ತರ: ನಿನ್ನನ್ನು ನೆಚ್ಚಿಕೊಂಡವರನ್ನು ನೋಡಿಕೊಳ್ಳಲು ಬೇರೆಯವರಿದ್ದರೆ ಧಾರಾಳವಾಗಿ ಹೋಗು, ಪಾಪವಿಲ್ಲ, ಇಲ್ಲವಾದರೆ ನಿಲ್ಲು. ಪಾದ್ರಿ, ಊರಿನ ಅಧಿಕಾರಿ, ಮನೆಯಾಳು, ಯಜಮಾನ ಎಲ್ಲರಿಗೂ ಇದೇ ಅಳತೆ. ಉಳಿದವರೂ ಹುಂಬರಾಗಬಾರದು: ಔಷಧಿ ತಗೊಳ್ಳಿ, ಮನೆಗೆ ಹೊಗೆ ಹಾಕಿ, ನಿಮ್ಮ ಅಗತ್ಯವಿಲ್ಲದ ಕಡೆ ಕಾಲಿಡಬೇಡಿ.

ಆ ಪ್ಲೇಗಿನ ವರ್ಷವೇ ಡಿಸೆಂಬರ್ 10ರಂದು ಕ್ಯಾಥರೀನಾ ಅದೇ ಮನೆಯಲ್ಲಿ ಹೆಣ್ಣುಮಗು ಹೆತ್ತಳು. ಎಲಿಜಬೆತ್ ಎಂದು ಹೆಸರಿಟ್ಟರು. ಮುಂದಿನ ಆಗಸ್ಟ್‌ನಲ್ಲಿ, ಎಂಟು ತಿಂಗಳೂ ತುಂಬದ ಆ ಕೂಸನ್ನು ಮಣ್ಣು ಮಾಡಿದರು.