ಬೆಂಚು ಬೇರೆಯಾಗುವ ಮುನ್ನ

(ಪ್ರೌಢಶಾಲಾ ವಿದ್ಯಾರ್ಥಿಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಗ ದಾರಿ ತಪ್ಪಿದನೆಂದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ‘ಸಹವಾಸ ದೋಷ’. ಇತರರ ಮಕ್ಕಳಿಗೆ ನಮ್ಮ ಮಗನೇ ಆ ಸಹವಾಸವಾಗಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ.

ತುರ್ಕಿಯಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಮುಝಫರ್ ಶರೀಫ್ 1954ರಲ್ಲಿ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ತಂಡಗಳಾಗಿ ವಿಂಗಡಿಸಿದರು. ಎಲ್ಲರೂ ಸುಮಾರು 11 ವರ್ಷದವರು. ಒಂದೇ ಬಣ್ಣ, ಒಂದೇ ಧರ್ಮ, ಮಧ್ಯಮ ವರ್ಗದ ಮನೆಗಳು. ಒಂದು ತಂಡಕ್ಕೆ ಇನ್ನೊಂದರ ಪರಿಚಯವಿರಲಿಲ್ಲ. ಬಹುಮಾನದ ಪಂದ್ಯಗಳು ಆರಂಭವಾದದ್ದೇ ತಡ, ಬೈಗುಳ, ಎದುರಾಳಿಯ ಬಾವುಟಕ್ಕೆ ಬೆಂಕಿ, ವಸತಿಗಳ ಮೇಲೆ ದಾಳಿ! ನಮ್ಮವರು ಧೀರರು, ಅವರು ಮೋಸಗಾರರು ಎಂದು ಎರಡೂ ಕಡೆಯವರು ತೀರ್ಪಿತ್ತರು. ಮಕ್ಕಳ ಜಗಳಕ್ಕೆ ನಾವು ಧರ್ಮವನ್ನೋ ಜಾತಿಯನ್ನೋ ಕಾರಣವಾಗಿ ಹುಡುಕುತ್ತೇವೆ. ಅಲ್ಲಿ ಅದಾವುದೂ ಇರಲಿಲ್ಲ.

ಪುಸ್ತಕಗಳು ಹೇಳುವುದು ಈ ಕಥೆಯನ್ನು. ಅದರ ಹಿಂದಿನ ವರ್ಷದ ಕಥೆ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಶಿಬಿರದಲ್ಲಿ ಅದೇ ಶರೀಫರು ಬಾಲಕರನ್ನು ಮೊದಲು ಒಟ್ಟಿಗಿರಿಸಿ, ಗೆಳೆತನ ಬೆಳೆದ ಬಳಿಕ ಬೇರ್ಪಡಿಸಿದ್ದರು. ಹಿರಿಯರು ಗುಟ್ಟಾಗಿ ಕಿಡಿ ಹಚ್ಚಲು ನೋಡಿದರು. ಬಾಲಕರು ಒಬ್ಬರನ್ನೊಬ್ಬರು ದೂಷಿಸಲಿಲ್ಲ. ಸಂಶಯ ಹಿರಿಯರತ್ತಲೇ ತಿರುಗಿತು. ಪ್ರಯೋಗ ಅರ್ಧಕ್ಕೇ ನಿಂತಿತು. (ಮಕ್ಕಳ ಮೇಲೆ ಇಂತಹ ಆಟವಾಡಿದ ವಿದ್ವಾಂಸರನ್ನು ನಾನು ಮೆಚ್ಚಲಾರೆ, ಅದು ಬೇರೆ ಮಾತು.)

ಈಗ ನಮ್ಮ ಪಟ್ಟಣಗಳತ್ತ ಬನ್ನಿ. ನಮ್ಮ ಮಕ್ಕಳ ಬೀದಿ ಬೇರೆ, ಪ್ರಾಥಮಿಕ ಶಾಲೆ ಬೇರೆ, ಶಾಲಾ ವ್ಯಾನೂ ಬೇರೆ. ಎಂಟನೆಯ ತರಗತಿಗೆ ಬಂದಾಗ ಅಪರಿಚಿತರ ಎರಡು ತಂಡಗಳು ಸಿದ್ಧವಾಗಿಯೇ ಇರುತ್ತವೆ. ‘ಅವರು ಒರಟರು’ ಎಂದು ನಮ್ಮ ಮಕ್ಕಳನ್ನು ಕುರಿತು ಹೇಳುವಾಗ ನಮಗೆ ನೋವಾಗುತ್ತದೆ, ನಿಜ. ಆದರೆ ನಮ್ಮ ಊಟದ ಚಾಪೆಯ ಮೇಲೆ ಇತರರ ಬಗ್ಗೆ ಆಡುವ ಮಾತುಗಳು? ಅವೂ ಮಕ್ಕಳ ಚೀಲದಲ್ಲಿ ಶಾಲೆಗೆ ಹೋಗುತ್ತವೆ.

ಕಳೆದ ತಿಂಗಳು ಒಂಬತ್ತನೆಯ ತರಗತಿಯ ನಮ್ಮದೇ ಹುಡುಗನೊಬ್ಬ ನನ್ನ ಬಳಿ ಬಂದಿದ್ದ. ಒಂದನೆಯ ತರಗತಿಯಿಂದಲೂ ಪಕ್ಕದಲ್ಲೇ ಕುಳಿತಿದ್ದ ಹಿಂದೂ ಗೆಳೆಯನೊಂದಿಗೆ ಬುತ್ತಿ ಬಿಚ್ಚುವುದನ್ನು ನಿಲ್ಲಿಸಿದ್ದಾನೆ. ಬೆದರಿಸಿದವರು ಯಾರೂ ಇಲ್ಲ. ‘ನಾವು ನಿನಗೆ ಸಾಲುವುದಿಲ್ಲವೋ?’ ಎಂದು ನಮ್ಮ ಹುಡುಗರೇ ನಕ್ಕರಂತೆ. ಅತ್ತ ಆ ಗೆಳೆಯನಿಗೂ ಅವನವರು ಅದನ್ನೇ ಕೇಳಿದ್ದಾರೆ.

‘ಅವನ ಮನೆಗೆ ಹೋಗಿ ಮಾತನಾಡಲೇ ಸರ್?’ ಎಂದ. ಹೋಗು ಎಂದೆ. ‘ಅಪ್ಪ ಏನೆನ್ನುತ್ತಾರೋ’ ಎಂದು ತಲೆ ತಗ್ಗಿಸಿದ.

ಆ ಅಪ್ಪ ಈ ಸಭೆಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ.